ನಮ್ಮ ರಸ್ತೆಯ ಗುಲ್‌ಮೊಹರ್ ಬಿದ್ದ ಮೇಲೆ

2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಲ್ಲರ ಬಾಯಲ್ಲೂ ಒಂದೇ ಮಾತು, ಮಳೆ ಯಾವಾಗ ಬರುತ್ತೆ ಅಂತ. ಹಿಂದಿನ ವರ್ಷದ ಮುಂಗಾರು ಕೈಕೊಟ್ಟಿತ್ತು. ಬೋರ್‌ವೆಲ್‌ಗಳು ಒಂದರ ಹಿಂದೆ ಒಂದು ಒಣಗಿದವು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಮಾರ್ಚ್‌ನಲ್ಲಿ ಆದೇಶವೇ ಬಂತು. ಹವಾಮಾನ ಇಲಾಖೆಯ ನಗರ ಕೇಂದ್ರದಲ್ಲಿ ಏಪ್ರಿಲ್ ತಿಂಗಳ ಮಳೆ ಲೆಕ್ಕ ಸೊನ್ನೆ. ತಿಂಗಳ ಕೊನೆಗೆ ಬಿಸಿಲು 38 ಡಿಗ್ರಿ ದಾಟಿತ್ತು. 'ನಮ್ಮ ಕಾಲದಲ್ಲಿ ಜಯನಗರಕ್ಕೆ ಫ್ಯಾನೇ ಬೇಕಿರಲಿಲ್ಲ' ಅನ್ನುತ್ತಿದ್ದ ಹಿರಿಯರೂ ಎಸಿ ಅಂಗಡಿಯಲ್ಲಿ ರೇಟ್ ಕೇಳುತ್ತಿದ್ದರು.

ಮೇ ತಿಂಗಳಲ್ಲಿ ಮಳೆ ಶುರುವಾಯಿತು. ಆಮೇಲೆ ಬಂದದ್ದು ಜೂನ್ 2, ಭಾನುವಾರ. ರೋಹಿಣಿ ಮಳೆಯ ಕಾಲ. 'ರೋಹಿಣಿ ಮಳೆ ಹೊಯ್ದರೆ ಓಣಿಯೆಲ್ಲಾ ಜೋಳ' ಅಂತ ನಮ್ಮಜ್ಜಿ ಹೇಳುತ್ತಿದ್ದರು. ನಮ್ಮ ಓಣಿಗೆ ಸಿಕ್ಕಿದ್ದು ಅಡ್ಡಡ್ಡ ಮಲಗಿದ ಗುಲ್‌ಮೊಹರ್.

ಅವತ್ತು ನಗರದಲ್ಲಿ 111.1 ಮಿಲಿಮೀಟರ್ ಮಳೆ ಬಿತ್ತು. ಜೂನ್ ತಿಂಗಳ ಒಂದೇ ದಿನದ ಮಳೆಯಲ್ಲಿ ಇದು ದಾಖಲೆ. ಹಳೆಯ ದಾಖಲೆ 1891ರ ಜೂನ್ 16ರದ್ದು, 101.6 ಮಿಲಿಮೀಟರ್. 133 ವರ್ಷ ಯಾವ ಜೂನ್ ಮಳೆಯೂ ಮುಟ್ಟದ ಅಂಕಿ ಅದು. ನೇರಳೆ ಮಾರ್ಗದ ಹಳಿ ಮೇಲೆ ಕೊಂಬೆ ಬಿದ್ದು ಮೆಟ್ರೋ ಕೂಡ ನಿಂತಿತ್ತು. ಆದರೆ ನಮ್ಮ ರಸ್ತೆಗೆ ತೊಂದರೆ ಕೊಟ್ಟದ್ದು ಮಳೆಗಿಂತ ಮುಂಚೆ ನುಗ್ಗಿದ ಗಾಳಿ.

ಬೇಸಿಗೆ ಮುಗಿಯುವಾಗ ಬರುವ ಗುಡುಗು ಮಳೆಯ ರೀತಿಯೇ ಹಾಗೆ. ದಿನವಿಡೀ ಕಾದ ನೆಲದಿಂದ ಬಿಸಿ ಗಾಳಿ ಮೇಲೇರುತ್ತದೆ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರಕ್ಕೆ ಮೋಡ ಕಟ್ಟುತ್ತದೆ. ಹನಿಗಳು ಬೀಳಲು ಶುರುವಾದಾಗ ಸುತ್ತಲ ಗಾಳಿಯನ್ನೂ ಕೆಳಗೆ ಎಳೆದುಕೊಂಡು ಬರುತ್ತವೆ. ದಾರಿಯಲ್ಲಿ ಒಂದಷ್ಟು ಹನಿ ಆವಿಯಾಗುವುದರಿಂದ ಆ ಗಾಳಿ ತಣ್ಣಗಾಗಿ, ಭಾರವಾಗಿ, ಇನ್ನೂ ಜೋರಾಗಿ ಇಳಿಯುತ್ತದೆ. ನೆಲಕ್ಕೆ ಬಡಿದ ಮೇಲೆ ಎಲ್ಲಿಗೆ ಹೋಗಬೇಕು? ನಾಲ್ಕೂ ಕಡೆ ಹರಡುತ್ತದೆ. ಮಳೆಗೆ ಮುಂಚೆ ತಣ್ಣನೆ ಗಾಳಿ ಬೀಸಿತು ಅಂತ ಬಾಲ್ಕನಿಗೆ ಓಡಿ ಬಂದು 'ಆಹಾ' ಅನ್ನುತ್ತೇವಲ್ಲ, ಅದು ಇದೇ ಗಾಳಿ. ಸ್ವಲ್ಪ ಜೋರಾದರೆ ಒಣಗಿಹಾಕಿದ ಬಟ್ಟೆ ಹಾರುತ್ತದೆ. ಇನ್ನೂ ಜೋರಾದರೆ ಮರ ಉರುಳುತ್ತದೆ. ಮುಂಗಾರಿನ ಗಾಳಿಯಾದರೆ ಪಶ್ಚಿಮದ ಕಡೆಯಿಂದ ದಿನಗಟ್ಟಲೆ ಬೀಸುತ್ತದೆ. ಮರ ತಾನು ವರ್ಷ ವರ್ಷ ಎದುರಿಸಿದ ಗಾಳಿಗೆ ತಕ್ಕ ಹಾಗೆ ಬೇರು, ಬೊಡ್ಡೆ ಗಟ್ಟಿ ಮಾಡಿಕೊಂಡಿರುತ್ತದೆ. ಗುಡುಗು ಮೋಡದ ಗಾಳಿ ಯಾವ ದಿಕ್ಕಿನಿಂದ ಬಂದು ಗುದ್ದುತ್ತದೋ ಹೇಳೋಕಾಗಲ್ಲ.

ಮೊದಲು ಕರೆಂಟ್ ಹೋಯಿತು. ಆಮೇಲೆ ಪಟಪಟ ಅಂತ ಏನೋ ಮುರಿದ ಸದ್ದು. ಅದರ ಹಿಂದೆಯೇ ನೆಲ ಅದುರಿತು. ರಸ್ತೆಯಲ್ಲಿದ್ದ ಕಾರುಗಳೆಲ್ಲ ಒಟ್ಟಿಗೆ ಕಿರುಚಲು ಶುರು ಮಾಡಿದವು. ಮೂಲೆ ಮನೆ ಮೇಷ್ಟ್ರ ಕಾರಿನ ಮೇಲೆ ದೊಡ್ಡ ಕೊಂಬೆ ಕೂತಿತ್ತು. ಎರಡು ಕರೆಂಟ್ ಕಂಬ ವಾಲಿದ್ದವು. ಒಂದು ಮನೆಯ ಕಾಂಪೌಂಡ್ ಗೋಡೆ ಹೋಗಿತ್ತು. ಮರದ ಬುಡದಲ್ಲೇ ನಿಲ್ಲುತ್ತಿದ್ದ ಇಸ್ತ್ರಿ ಗಾಡಿ ಎಲ್ಲಿದೆ ಅಂತಲೇ ಕಾಣುತ್ತಿರಲಿಲ್ಲ. ಭಾನುವಾರವಾದ್ದರಿಂದ ಗಾಡಿಗೆ ರಜೆ. ಬೇರೆ ಯಾವ ದಿನವಾಗಿದ್ದರೂ ಸಂಜೆ ಆ ಹೊತ್ತಿಗೆ ಅವರು ಅಲ್ಲೇ ಬಟ್ಟೆ ಮಡಿಸುತ್ತಾ ನಿಂತಿರುತ್ತಿದ್ದರು.

ಆ ರಾತ್ರಿ ಎಲ್ಲರಿಗಿಂತ ಚೆನ್ನಾಗಿ ತಲೆ ಓಡಿಸಿದವರು ಕೊನೆ ಮನೆ ಅಂಕಲ್. ಕರೆಂಟಿನ ಕೆಲಸದಲ್ಲೇ ಇದ್ದು ನಿವೃತ್ತರಾದವರು. ಹುಡುಗರು ಟಾರ್ಚ್ ಹಿಡಿದು ಕೊಂಬೆ ಎಳೆಯಲು ಹೊರಟಾಗ ಗೇಟಿನಿಂದಲೇ ಗದರಿದರು. ಬಿದ್ದ ತಂತಿಗಳಲ್ಲಿ ಯಾವುದು ಇಂಟರ್‌ನೆಟ್ ಕೇಬಲ್, ಯಾವುದು ಕರೆಂಟಿನದು ಅಂತ ಕತ್ತಲಲ್ಲಿ ಯಾರಿಗೆ ಗೊತ್ತಾಗುತ್ತೆ? 'ಲೈನ್ ಆಫ್ ಆಗಿದೆ ಅಂಕಲ್' ಅಂದ ಒಬ್ಬ ಹುಡುಗ. 'ಯಾರದೋ ಮನೆ ಜನರೇಟರ್ ಉಲ್ಟಾ ಹೊಡೆದರೆ ಸತ್ತ ತಂತಿಗೂ ಜೀವ ಬರುತ್ತೆ ಕಣೋ, ಹಿಂದೆ ಬಾ' ಅಂದರು. 2023ರ ನವೆಂಬರ್‌ನಲ್ಲಿ ವೈಟ್‌ಫೀಲ್ಡ್ ಕಡೆ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತಗುಲಿ ತಾಯಿ, ಮಗು ಇಬ್ಬರೂ ಹೋಗಿದ್ದರು. ಆ ಸುದ್ದಿ ಎಲ್ಲರಿಗೂ ನೆನಪಿತ್ತು. ಮರುಮಾತಿಲ್ಲದೆ ಎಲ್ಲರೂ ಹಿಂದೆ ಬಂದರು. ರಸ್ತೆಯ ಎರಡೂ ತುದಿಗೆ ಪ್ಲಾಸ್ಟಿಕ್ ಕುರ್ಚಿ ಅಡ್ಡ ಇಟ್ಟು ಕೆಂಪು ಟವಲ್ ಕಟ್ಟಿದೆವು. ಸಹಾಯವಾಣಿಯ ನಂಬರ್ ಸಿಗುತ್ತಿರಲಿಲ್ಲ. ಇಡೀ ಊರೇ ಅದಕ್ಕೆ ಫೋನ್ ಮಾಡುತ್ತಿತ್ತು.

ಬೆಳಗ್ಗೆ ನೋಡಿದರೆ ರಸ್ತೆ ಪೂರ್ತಿ ಕೆಂಪು. ಗುಲ್‌ಮೊಹರ್ ಹೂ ಬಿಡುವ ಕಾಲ ಅಲ್ವಾ. ಫೋಟೋ ತೆಗೆಯಲು ಪಕ್ಕದ ರಸ್ತೆಯವರೂ ಬಂದರು. ನಾನು ಹೂ ನೋಡಿದ್ದಕ್ಕಿಂತ ಜಾಸ್ತಿ ಹೊತ್ತು ಬೇರು ನೋಡುತ್ತಾ ನಿಂತಿದ್ದೆ.

ಅಷ್ಟು ದೊಡ್ಡ ಮರಕ್ಕೆ ಅಷ್ಟೇನಾ ಬೇರು ಅನ್ನಿಸಿತು. ಚರಂಡಿ ಕಡೆಯ ಬೇರುಗಳು ಸ್ಕೇಲ್ ಇಟ್ಟು ಕೊಯ್ದ ಹಾಗೆ ನೇರವಾಗಿ ತುಂಡಾಗಿದ್ದವು. ಆ ಗಾಯ ಹಳೆಯದು, ಅಂಚು ಕಪ್ಪಾಗಿತ್ತು. ಕೆಲವು ವರ್ಷದ ಹಿಂದೆ ಚರಂಡಿ ಕಟ್ಟುವಾಗ ಜೆಸಿಬಿ ಅಲ್ಲಿ ಹಾದು ಹೋಗಿತ್ತು. ರಸ್ತೆ ಕಡೆ ಮಣ್ಣೊಳಗೆ ಕಿತ್ತಳೆ, ನೀಲಿ ಬಣ್ಣದ ಕೇಬಲ್ ಪೈಪುಗಳ ಕಂತೆ. ಒಂದೊಂದು ಪೈಪ್ ಹಾಕುವಾಗಲೂ ಒಂದಿಷ್ಟು ಬೇರು ಹೋಗಿರಬೇಕು. ಬುಡದ ಸುತ್ತ ಫುಟ್‌ಪಾತಿನ ಕಾಂಕ್ರೀಟ್ ತೊಗಟೆಗೆ ಅಂಟಿಕೊಂಡೇ ಇತ್ತು. ನೀರು ಎಲ್ಲಿಂದ ಇಳಿಯಬೇಕು? ಬೊಡ್ಡೆಯ ಒಳಗೆ ಕೈ ಹಾಕಿದರೆ ಮರ ಪುಡಿಪುಡಿಯಾಗಿ ಬಂತು. ಮೇಲೆ, ತಂತಿ ಹೋಗುವ ಕಡೆಯ ಕೊಂಬೆಗಳನ್ನು ವರ್ಷ ವರ್ಷ ಕಡಿಯುತ್ತಾ ಬಂದಿದ್ದರು. ಭಾರವೆಲ್ಲ ಇನ್ನೊಂದು ಕಡೆಗೇ ವಾಲಿತ್ತು. ಅದು ಬಿದ್ದದ್ದೂ ಆ ಕಡೆಗೇ.

ಮರದ ಬೇರು ಪಾತಾಳಕ್ಕೆ ಇಳಿದಿರುತ್ತೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ನಿಜವಾಗಿ ಹೆಚ್ಚಿನ ಬೇರು ಇರುವುದು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲಿ. ಅಡ್ಡಕ್ಕೆ ಮಾತ್ರ ಕೊಂಬೆಗಳ ನೆರಳನ್ನೂ ದಾಟಿ ದೂರ ಹರಡುತ್ತದೆ. ನಾವು ಚರಂಡಿ, ಪೈಪು, ಕೇಬಲ್ಲು ಹಾಕುವುದೂ ಅದೇ ಎರಡು ಮೂರು ಅಡಿಯಲ್ಲಿ. ಮೇಲಿಂದ ಮರ ಹಸಿರಾಗಿ ಹೂ ಬಿಡುತ್ತಲೇ ಇರುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ.

ಮರ ಕೊಯ್ಯುವ ತಂಡ ಮಧ್ಯಾಹ್ನದ ಹೊತ್ತಿಗೆ ಬಂತು. ರಾತ್ರಿಯಿಂದ ಮಲಗಿರಲಿಲ್ಲ ಅಂತ ಅವರ ಕಣ್ಣು ನೋಡಿದರೇ ತಿಳಿಯುತ್ತಿತ್ತು. ಊರಲ್ಲಿ ನೂರಾರು ಮರ ಬಿದ್ದಿದ್ದವು, ತಂಡಗಳು ಇದ್ದದ್ದು ಕೆಲವೇ. ನಮ್ಮ ರಸ್ತೆಯ ಒಬ್ಬರು 'ಇಷ್ಟು ಹೊತ್ತಿಗೆ ಬರೋದಾ' ಅಂತ ಅವರ ಮೇಲೇ ರೇಗಿದರು. ಅವರು ಉತ್ತರ ಕೊಡದೆ ಹಗ್ಗ ಬಿಚ್ಚಿದರು.

ಅವರ ಕೆಲಸ ನೋಡುವುದೇ ಒಂದು ಪಾಠ. ಬಿದ್ದ ಮರ ಸುಮ್ನೆ ಮಲಗಿರುವುದಿಲ್ಲ. ಬಾಗಿ ನಿಂತ ಕೊಂಬೆಯೊಳಗೆ ಬಲ ಕೂತಿರುತ್ತದೆ. ತಪ್ಪು ಜಾಗದಲ್ಲಿ ಕೊಯ್ದರೆ ಅದು ಚಿಮ್ಮಿ ಬಂದು ಎದೆಗೆ ಹೊಡೆಯುತ್ತದೆ. ತಂಡದ ಹಿರಿಯರು ಮೊದಲು ಮರದ ಸುತ್ತ ನಡೆದು ನೋಡಿದರು. ಎಲ್ಲಿ ಭಾರ ನಿಂತಿದೆ, ಯಾವ ಕೊಂಬೆ ಯಾವುದನ್ನು ಹೊತ್ತಿದೆ ಅಂತ. ಸಣ್ಣ ರೆಂಬೆಗಳನ್ನು ಮಚ್ಚಿನಲ್ಲಿ ಸವರಿದರು. ಕಾರಿನ ಮೇಲಿದ್ದ ಕೊಂಬೆಗೆ ಹಗ್ಗ ಕಟ್ಟಿ ನಾಲ್ಕು ಜನ ಹಿಡಿದು ನಿಂತ ಮೇಲೆ ಮೆಷಿನ್ ಹಚ್ಚಿದರು. ಹೆಲ್ಮೆಟ್ ಇದ್ದದ್ದು ಒಬ್ಬರ ತಲೆ ಮೇಲೆ ಮಾತ್ರ. ಕಾಲಲ್ಲಿ ಹವಾಯಿ ಚಪ್ಪಲಿ. ಬೊಡ್ಡೆಯ ಸರದಿ ಬಂದಾಗ ಕತ್ತಲಾಗಿತ್ತು. ಅಷ್ಟರಲ್ಲಿ ಬೇರೆ ಕಡೆಯಿಂದ ಕರೆ ಬಂತು, ಹೊರಟರು. ಎರಡು ಮನೆಯಿಂದ ಉಪ್ಪಿಟ್ಟು, ಟೀ ಬಂದಿತ್ತು. ಗಾಡಿಯಲ್ಲೇ ತಿನ್ನುತ್ತಾ ಹೋದರು.

ಕರೆಂಟ್ ಬರಲು ಇನ್ನೂ ತಡವಾಯಿತು. ಕಂಬ ಬದಲಾಯಿಸದೆ ತಂತಿ ಎಳೆಯುವ ಹಾಗಿಲ್ಲ, ಬೊಡ್ಡೆ ತೆಗೆಯದೆ ಕಂಬ ನೆಡುವ ಹಾಗಿಲ್ಲ. ಯುಪಿಎಸ್‌ಗಳು ಒಂದೊಂದಾಗಿ ಕೈಚೆಲ್ಲಿದವು. ಸಂಪಿನ ತುಂಬ ನೀರು, ಮೇಲಿನ ಟ್ಯಾಂಕ್ ಖಾಲಿ. ಬೇಸಿಗೆಯಲ್ಲಿ ನೀರಿಲ್ಲದೆ ಪರದಾಡಿದವರು ಈಗ ನೀರಿದ್ದೂ ಬಕೆಟ್ಟಿಗೆ ಹಗ್ಗ ಕಟ್ಟಿ ಸೇದಬೇಕಾಯಿತು. ಎದುರು ಮನೆ ಅಜ್ಜಿಗೆ ಇದು ಬಾಲ್ಯದ ಕೆಲಸ. 'ಬಾವಿಯಲ್ಲಿ ಸೇದಿದೋಳು ಕಣೇ ನಾನು, ನಿನ್ನ ಹಾಗೆ ನಲ್ಲಿ ತಿರುಗಿಸಿ ಬೆಳೆದೋಳಲ್ಲ' ಅಂತ ನನ್ನನ್ನು ಬೈದು ಹಗ್ಗ ಕಿತ್ತುಕೊಂಡರು. ಎಂಬತ್ತು ದಾಟಿದ ಅವರಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಇಡಲು ಫ್ರಿಜ್ ಬೇಕು. ಕರೆಂಟ್ ಇದ್ದ ಹಿಂದಿನ ರಸ್ತೆಯ ಒಂದು ಮನೆಗೆ ಅದನ್ನು ಸ್ಟೀಲ್ ಡಬ್ಬಿಯಲ್ಲಿ ಇಟ್ಟು ಬಂದೆವು. ಆ ಮನೆಯವರ ಮುಖ ಅಲ್ಲಿಯವರೆಗೆ ನಾವ್ಯಾರೂ ನೋಡಿರಲಿಲ್ಲ. ಹೊತ್ತು ಹೊತ್ತಿಗೆ ಅವರ ಮಗಳೇ ತಂದು ಕೊಟ್ಟು ಹೋಗುತ್ತಿದ್ದಳು.

ಇಂಥದ್ದನ್ನೇ ಹೇಳುತ್ತಾ ಹೋದರೆ ಕಷ್ಟದಲ್ಲಿ ಬೀದಿ ಒಂದಾಯಿತು ಅನ್ನುವ ಕಥೆಯಾಗುತ್ತದೆ. ಒಂದಾದದ್ದು ನಿಜ. ಕರೆಂಟ್ ಬರುವ ತನಕ.

ಕರೆಂಟ್ ಬಂದ ದಿನ ರಾತ್ರಿಯೇ ರಸ್ತೆಯ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಪಟ್ಟಿ ಬಂತು. ರಸ್ತೆಯಲ್ಲಿ ಉಳಿದಿದ್ದ ಹನ್ನೊಂದು ಮರಗಳ ಫೋಟೋ, ಪ್ರತಿಯೊಂದಕ್ಕೂ ಕೆಂಪು ಗುರುತು. 'ಅಪಾಯಕಾರಿ ಮರಗಳು, ಎಲ್ಲರೂ ಸಹಿ ಮಾಡಿ' ಅಂತ. ಅದರಲ್ಲಿ ಎರಡು ಹೊಂಗೆ ಮರಗಳೂ ಇದ್ದವು. ಗಟ್ಟಿಯಾಗಿ ನೆಲ ಹಿಡಿದು ನಿಂತ, ಎರಡಾಳು ಎತ್ತರಕ್ಕಿಂತ ಸ್ವಲ್ಪ ಜಾಸ್ತಿ ಇರುವ ಮರಗಳು. ಬಿದ್ದರೂ ಯಾರ ಮೇಲೆ ಬೀಳಬೇಕು ಅವು? ಎಲೆ ಉದುರುತ್ತೆ, ಹಕ್ಕಿ ಗಲೀಜು ಮಾಡುತ್ತೆ, ಗೇಟಿಗೆ ಅಡ್ಡ, ಕಾರು ತಿರುಗಿಸಲು ಆಗಲ್ಲ. ಹಳೆಯ ದೂರುಗಳೆಲ್ಲ ಅಪಾಯ ಅನ್ನುವ ಹೊಸ ಹೆಸರು ಹೊತ್ತು ಬಂದಿದ್ದವು. ಗಾಳಿ ಬೀಳಿಸಿದ್ದು ಒಂದು ಮರ. ನಾವು ಒಂದು ಸಹಿಯಲ್ಲಿ ಹನ್ನೊಂದು ಬೀಳಿಸಲು ಹೊರಟಿದ್ದೆವು.

ಹೆದರಿಕೆ ಸುಳ್ಳು ಅಂತ ಹೇಳಲಾರೆ. ಮಾರನೇ ವರ್ಷ, 2025ರ ಜೂನ್‌ನಲ್ಲಿ, ನಮಗೆ ದೂರವಲ್ಲದ ಶ್ರೀನಿವಾಸನಗರದಲ್ಲಿ ಬೈಕಿನಲ್ಲಿ ಹೋಗುತ್ತಿದ್ದ ಯುವಕನ ತಲೆ ಮೇಲೆ ಕೊಂಬೆ ಬಿತ್ತು. ಕೆಲವು ದಿನಕ್ಕೆ ತೀರಿಕೊಂಡರು. ಆ ಮನೆಯವರ ಮುಂದೆ ನಿಂತು ಮರದ ಪರ ಮಾತಾಡುವ ಧೈರ್ಯ ನನಗಿಲ್ಲ. ಆದರೆ ಒಣಗಿದ ಕೊಂಬೆಯನ್ನು ಹೊತ್ತಿಗೆ ಸರಿಯಾಗಿ ತೆಗೆಯುವುದಕ್ಕೂ ರಸ್ತೆಯ ಮರಗಳನ್ನೆಲ್ಲ ಕಡಿಸಿಹಾಕುವುದಕ್ಕೂ ಬಹಳ ದೂರ ಇದೆ. ಹೆದರಿದ ಮನಸ್ಸಿಗೆ ಆ ದೂರ ಕಾಣುವುದಿಲ್ಲ.

ಮೇಷ್ಟ್ರು ಪಟ್ಟಿಗೆ ಮೊದಲ ಸಹಿ ಹಾಕಿದವರು. ಅವರ ಕಾರಿಗೆ ಇದ್ದದ್ದು ಥರ್ಡ್ ಪಾರ್ಟಿ ವಿಮೆ ಮಾತ್ರ. ಮರ ಬಿದ್ದು ಆದ ನಷ್ಟಕ್ಕೆ ಅದರಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ. ಸ್ವಂತ ಗಾಡಿಯ ನಷ್ಟಕ್ಕೂ ಸೇರಿಸಿ ಮಾಡಿಸಿದ್ದರೆ ಬರುತ್ತಿತ್ತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ನಾನು ಮಾತಾಡಲು ಹೋದಾಗ 'ನಿಮ್ಮ ಕಾರಿನ ಮೇಲೆ ಬಿದ್ದಿದ್ದರೆ ಗೊತ್ತಾಗ್ತಿತ್ತಮ್ಮ' ಅಂದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಆದರೆ ಆ ಗ್ರೂಪಿನಲ್ಲಿ ಒಬ್ಬರು ಇರಲೇ ಇಲ್ಲ. ಇಸ್ತ್ರಿಯವರು. ಮರದಿಂದ ಎಲ್ಲರಿಗಿಂತ ಜಾಸ್ತಿ ಕಳೆದುಕೊಂಡದ್ದು ಅವರೇ. ಗಾಡಿ ನುಚ್ಚುನೂರು. ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಮಾತ್ರ ಉಳಿಯಿತು, ಅದನ್ನು ಮುರಿಯಲು ಮರಕ್ಕೂ ಆಗಲಿಲ್ಲ. ಮನೆಗಳಿಂದ ದುಡ್ಡು ಸೇರಿಸಿ ಬೇರೆ ಗಾಡಿ ಮಾಡಿಸಿದೆವು. ಆದರೆ ನೆರಳು ಎಲ್ಲಿಂದ ಸೇರಿಸುವುದು? ಒಂದು ಅಪಾರ್ಟ್‌ಮೆಂಟಿನ ಸಜ್ಜೆಯ ಕೆಳಗೆ ನಿಂತರು. ಹನ್ನೊಂದು ಗಂಟೆಯ ಮೇಲೆ ಅಲ್ಲಿ ಬಿಸಿಲು. ಕೈಯಲ್ಲಿ ಕೆಂಡದ ಪೆಟ್ಟಿಗೆ, ತಲೆ ಮೇಲೆ ಸೂರ್ಯ. ಉಳಿದ ಮರಗಳ ವಿಷಯ ಕೇಳಿದಾಗ ಅವರು ಹೇಳಿದ್ದು ಇಷ್ಟೇ: 'ಎಲ್ಲಾ ಕಡಿಸಿದರೆ ನಾನು ಎಲ್ಲಿ ನಿಲ್ಲಲಿ ಅಮ್ಮಾ?'

ಈ ಮಾತನ್ನು ನಾನು ಗ್ರೂಪಿನಲ್ಲಿ ಹಾಕಿದೆ. ಮೂರು ಹೆಬ್ಬೆರಳು ಬಂದವು, ಯಾರೂ ಸಹಿ ವಾಪಸ್ ತೆಗೆದುಕೊಳ್ಳಲಿಲ್ಲ.

ನಮ್ಮನ್ನು ಕಾಪಾಡಿದ್ದು ಕಾನೂನು ಅನ್ನಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು, ಸ್ವಂತ ಕಾಂಪೌಂಡಿನ ಮರಕ್ಕೂ. ಬೀದಿಯವರೆಲ್ಲ ಸಹಿ ಹಾಕಿದರೂ ಅದು ಅರ್ಜಿ ಅಷ್ಟೇ. ಅಧಿಕಾರಿಗಳು ಬಂದು ಒಂದೊಂದೇ ಮರ ನೋಡಿದರು. ಸುತ್ತಿಗೆಯಲ್ಲಿ ಬೊಡ್ಡೆ ತಟ್ಟಿ ಸದ್ದು ಕೇಳಿದರು. ಒಂದು ಹಳೇ ಗುಲ್‌ಮೊಹರ್ ಪೊಳ್ಳಾಗಿತ್ತು, ಅದನ್ನು ತೆಗೆಯಬೇಕು ಅಂದರು. ಒಂದು ಮಳೆಮರದ ಒಣ ಕೊಂಬೆ ಇಳಿಸಬೇಕು. ಉಳಿದದ್ದಕ್ಕೆ ಹಗುರ ಸವರಿಕೆ ಸಾಕು. ಪೊಳ್ಳು ಮರ ಹೋಗುವುದಕ್ಕೆ ನಾನೂ ಹೂಂ ಅಂದೆ. ಅದರ ಸದ್ದು ನನ್ನ ಕಿವಿಗೂ ಬಿದ್ದಿತ್ತು.

ಈ ಗದ್ದಲದಲ್ಲಿ ಕೆಲವರು ಹೊಸ ವಾದ ತಂದರು. ಗುಲ್‌ಮೊಹರ್ ನಮ್ಮ ಮರವೇ ಅಲ್ಲ, ಮಡಗಾಸ್ಕರ್‌ನದು, ಹೋದರೆ ಹೋಗಲಿ ಅಂತ. ಮಡಗಾಸ್ಕರ್‌ನದು ಹೌದು. ಮಳೆಮರ ದಕ್ಷಿಣ ಅಮೆರಿಕದ ಕಡೆಯದು. 1908ರಲ್ಲಿ ಇಲ್ಲಿಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್ ವರ್ಷವಿಡೀ ಊರಿನಲ್ಲಿ ಒಂದಲ್ಲ ಒಂದು ಮರ ಹೂವಾಗಿರಬೇಕು ಅಂತ ಎಲ್ಲೆಲ್ಲಿಯದೋ ಮರಗಳನ್ನು ಸಾಲಾಗಿ ಬೆಳೆಸಿದರು. ಲಾಲ್‌ಬಾಗ್ ಪಕ್ಕ ಅವರ ಹೆಸರಿನ ರಸ್ತೆಯೇ ಇದೆ. 1980ರ ದಶಕದಲ್ಲಿ ಅರಣ್ಯ ಅಧಿಕಾರಿ ಎಸ್.ಜಿ. ನೇಗಿನಹಾಳರ ತಂಡ ಐದು ವರ್ಷದಲ್ಲಿ ಸುಮಾರು 15 ಲಕ್ಷ ಸಸಿ ನೆಟ್ಟಿತು. ನಾವು ಇವತ್ತು ನೆರಳು ಅನ್ನುವುದರಲ್ಲಿ ದೊಡ್ಡ ಪಾಲು ಆ ಕಾಲದ್ದು. ಗುಲ್‌ಮೊಹರ್ ಮೇಲುಬೇರಿನ, ಬೇಗ ಮುರಿಯುವ ಮರ. ಕಿರಿದಾದ ರಸ್ತೆಗೆ ಹೊಸದಾಗಿ ನೆಡಬೇಡಿ ಅಂದರೆ ಒಪ್ಪುತ್ತೇನೆ. ಆದರೆ ಹೊಂಗೆಯ ಬೇರು ಕೊಯ್ದು, ಕುತ್ತಿಗೆಗೆ ಸಿಮೆಂಟ್ ಹಾಕಿದರೆ ಅದು ನಮ್ಮೂರ ಮರ ಅಂತ ಗಾಳಿ ಬಿಟ್ಟುಬಿಡುತ್ತದೆಯೇ?

ಆಮೇಲೆ ಮಾಡಿದ ಒಂದು ಕೆಲಸ ಮಾತ್ರ ನನಗೆ ಸಮಾಧಾನ ಕೊಟ್ಟಿತು. ದೆಹಲಿಯಲ್ಲಿ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮರಗಳ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟ್ ತೆಗೆಯಬೇಕು ಅಂತ ಆದೇಶ ಮಾಡಿತ್ತು. ಅದನ್ನು ಅಧಿಕಾರಿಗಳಿಗೆ ತೋರಿಸಿ, ನಮ್ಮ ಮರಗಳ ಬುಡ ಬಿಡಿಸಲು ಒಪ್ಪಿಗೆ ತೆಗೆದುಕೊಂಡೆವು. ಕೂಲಿಗೆ ಇಬ್ಬರು ಬಂದರು, ಹಾರೆ ಹಿಡಿದರು. ಹುಡುಗರು ಚಪ್ಪಡಿ ಚೂರು ಹೊತ್ತು ಹಾಕಿದರು. ಯಾವ ಮರಕ್ಕೂ ಪೂರ್ತಿ ಒಂದು ಮೀಟರ್ ಸಿಗಲಿಲ್ಲ. ಒಂದು ಕಡೆ ಚರಂಡಿ, ಇನ್ನೊಂದು ಕಡೆ ಗೇಟಿನ ಇಳಿಜಾರು. ಸಿಕ್ಕಷ್ಟು ಬಿಡಿಸಿದೆವು. ಕಾಂಕ್ರೀಟ್ ಕೆಳಗಿನ ಮಣ್ಣು, ಅಷ್ಟು ದೊಡ್ಡ ಮಳೆ ಬಂದು ಹೋದ ಮೇಲೂ, ಒಳಗೆ ಒಣಗಿಯೇ ಇತ್ತು. ಮೇಷ್ಟ್ರು ಮೊದಲು ಗೇಟಿನಲ್ಲಿ ನಿಂತು ನೋಡಿದರು. ಆಮೇಲೆ ಬಂದು 'ಆ ಕಡೆ ಬೇರಿದೆ, ಹಾರೆ ಮೆಲ್ಲಗೆ' ಅಂತ ಉಸ್ತುವಾರಿ ಶುರು ಮಾಡಿದರು. ಪಾಠ ಹೇಳುವ ಚಟ ಅವರಿಗೆ. ನಾವು ಯಾರೂ ಬೇಡ ಅನ್ನಲಿಲ್ಲ.

ಗುಲ್‌ಮೊಹರ್ ಇದ್ದ ಜಾಗ ಖಾಲಿ ಇದೆ. ಸಸಿ ಕೊಡಲು ಸಿದ್ಧರಿದ್ದರು. ಯಾವ ಸಸಿ ಅನ್ನುವುದರಲ್ಲಿ ಸಭೆ ಮುಗಿಯಲಿಲ್ಲ. ತಂತಿಯ ಕೆಳಗಾದ್ದರಿಂದ ಎತ್ತರ ಹೋಗುವುದು ಬೇಡ. ಸಂಪಿಗೆ ಆಗಲಿ ಅಂದರು ಅಜ್ಜಿ. ಹೊಂಗೆ ಅಂದರು ಇಸ್ತ್ರಿಯವರು, ನೆರಳು ದಟ್ಟ ಅಂತ. ಆ ಗೇಟಿನ ಮನೆಯವರು ಎರಡೂ ಬೇಡ, ಅಷ್ಟು ಇಷ್ಟವಿದ್ದರೆ ನಿಮ್ಮ ಮನೆ ಮುಂದೆ ಹಾಕಿಕೊಳ್ಳಿ ಅಂದರು. ನಮ್ಮ ಮನೆ ಮುಂದೆ ಟ್ರಾನ್ಸ್‌ಫಾರ್ಮರ್ ಇದೆ. ಸದ್ಯಕ್ಕೆ ಅಲ್ಲಿ ಎರಡು ಸ್ಕೂಟರ್ ನಿಲ್ಲುತ್ತವೆ.

ಮೊನ್ನೆ ಮತ್ತೆ ಕೇಬಲ್‌ನವರು ಅಗೆಯಲು ಬಂದರು. ಸುಣ್ಣದ ಪುಡಿಯಲ್ಲಿ ಎಳೆದ ಗೆರೆ ನೇರವಾಗಿ ಹೊಂಗೆ ಮರದ ಬುಡಕ್ಕೆ ಹೋಗಿತ್ತು. ನಾನು ಹೋಗಿ ಮೇಸ್ತ್ರಿಗೆ ನಾವು ಬಿಡಿಸಿದ ಜಾಗ ತೋರಿಸಿದೆ. ಬೇರು ಎಲ್ಲಿವರೆಗೆ ಬಂದಿದೆ ಅಂತ ಹೇಳಿದೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವನು ಒಂದು ನಿಮಿಷ ನೋಡಿ ಗೆರೆಯನ್ನು ಕಾಲಲ್ಲಿ ಒರೆಸಿ, ನಾಲ್ಕು ಅಡಿ ರಸ್ತೆ ಕಡೆಗೆ ಹೊಸ ಗೆರೆ ಎಳೆದ. ಅಷ್ಟು ಸುಲಭಕ್ಕೆ ಒಪ್ಪುತ್ತಾನೆ ಅಂದುಕೊಂಡಿರಲಿಲ್ಲ.

'ಇಷ್ಟು ಸಲೀಸಾ?' ಅಂದೆ.

'ನಮಗೇನು ಮೇಡಂ, ಗೆರೆ ಎಲ್ಲಿ ಹಾಕಿದರೂ ಅಗೆಯೋದೇ' ಅಂದ. 'ಪಕ್ಕದ ರಸ್ತೆಲೂ ಮರ ಇದ್ವು. ಅಲ್ಲಿ ಯಾರೂ ಏನೂ ಹೇಳಲಿಲ್ಲ, ನೇರವಾಗೇ ಹೋದ್ವಿ.'